ಆರು ಅಡಿ ದೂರದ ಬೆಂಚು

ಈ ಸಲದ ಇ-ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕು ಎಂದು ವೇದಿಕೆಯ ಗೆಳತಿಯರು ಕೇಳಿದರು. ಕಿತ್ತೂರು ಚೆನ್ನಮ್ಮ, ಅಕ್ಕಮಹಾದೇವಿಯರ ಬಗ್ಗೆ ಬರೆಯಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಎಂ.ಟೆಕ್. ಓದಿ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು, ಇತಿಹಾಸದ ವಿದ್ಯಾರ್ಥಿನಿಯಲ್ಲ. ಆದರೆ ಒಂದು ಇತಿಹಾಸವನ್ನು ಮಾತ್ರ ಕಳೆದ ಆರು ವರ್ಷಗಳಿಂದ, ಮಗ ಮಲಗಿದ ಮೇಲೆ, ರಾತ್ರಿ ಹನ್ನೊಂದರ ನಂತರ ಕೂತು ಓದಿದ್ದೇನೆ. ಅದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯದು. ನನ್ನ ಮಗನಿಗೆ ಅದು ಇದೆ. ಅವನು ಭೋಸರಿಯ ಒಂದು ಶಾಲೆಯಲ್ಲಿ ಎರಡನೇ ತರಗತಿ ಓದುತ್ತಿದ್ದಾನೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಈ ಹೆಸರನ್ನೇ ಕೇಳಿರುವುದಿಲ್ಲ. ನಮ್ಮ ಜೀವಕೋಶಗಳ ಗೋಡೆಯಲ್ಲಿ ಉಪ್ಪಿನ ಅಂಶವನ್ನು ಒಳಗೆ ಹೊರಗೆ ಬಿಡುವ ಒಂದು ಬಾಗಿಲು ಇದೆ. ಈ ಮಕ್ಕಳಲ್ಲಿ ಆ ಬಾಗಿಲು ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರಿಂದ ಶ್ವಾಸಕೋಶದ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ, ಊಟ ಅರಗಿಸುವ ರಸ ಹೊಟ್ಟೆಗೆ ಇಳಿಯುವುದಿಲ್ಲ, ಬೆವರು ವಿಪರೀತ ಉಪ್ಪಾಗುತ್ತದೆ. ಗಟ್ಟಿ ಲೋಳೆಯೊಳಗೆ ಬ್ಯಾಕ್ಟೀರಿಯಾ ಒಮ್ಮೆ ಮನೆ ಮಾಡಿದರೆ ಓಡಿಸುವುದು ಬಹಳ ಕಷ್ಟ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಮಾತ್ರ ಮಗುವಿಗೆ ಈ ಕಾಯಿಲೆ ಬರುತ್ತದೆ. 'ಇಬ್ಬರಿಂದಲೂ' ಎಂಬ ಪದವನ್ನು ನಮ್ಮ ಮನೆಯ ಹಿರಿಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಓದುವ ಗೆಳತಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇದು ಅಂಟುರೋಗವಲ್ಲ. ಪಕ್ಕದಲ್ಲಿ ಕೂತ ಮಗುವಿಗೆ ನನ್ನ ಮಗನಿಂದ ಈ ಕಾಯಿಲೆ ಬರಲು ಸಾಧ್ಯವೇ ಇಲ್ಲ. ಪಕ್ಕದ ಮಗುವಿನ ನೆಗಡಿ ಇವನಿಗೆ ಬಂದರೆ ಮಾತ್ರ ಅದು ಮೂರು ದಿನಕ್ಕೆ ಹೋಗುವ ನೆಗಡಿಯಾಗಿ ಉಳಿಯದೆ ಇರಬಹುದು.

ಈ ಕಾಯಿಲೆಗೆ ಹೆಸರು ಕೊಟ್ಟವರು ಒಬ್ಬ ಮಹಿಳೆ. ಡೊರೊಥಿ ಆಂಡರ್ಸನ್, 1901ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದವರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದಿ ಸರ್ಜನ್ ಆಗಬೇಕೆಂದಿದ್ದರು. ಹೆಣ್ಣು ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ತರಬೇತಿಗೆ ಅವಕಾಶ ಸಿಗಲಿಲ್ಲ. ಹಾಗಾಗಿ ಸತ್ತವರ ದೇಹ ಪರೀಕ್ಷಿಸುವ ರೋಗಶಾಸ್ತ್ರ ವಿಭಾಗಕ್ಕೆ ಹೋದರು. 1935ರಲ್ಲಿ ನ್ಯೂಯಾರ್ಕ್‌ನ ಬೇಬೀಸ್ ಹಾಸ್ಪಿಟಲ್ ಸೇರಿದರು. ಅಲ್ಲಿ ಸೀಲಿಯಾಕ್ ಕಾಯಿಲೆಯಿಂದ ತೀರಿಕೊಂಡಿದೆ ಎಂದು ಚೀಟಿ ಬರೆದಿದ್ದ ಒಂದು ಮಗುವಿನ ದೇಹದಲ್ಲಿ ಅವರಿಗೆ ಬೇರೆಯೇ ಏನೋ ಕಂಡಿತು. ಮೇದೋಜೀರಕ ಗ್ರಂಥಿಯ ತುಂಬ ಸಣ್ಣ ಸಣ್ಣ ಚೀಲಗಳು, ಗಟ್ಟಿಯಾದ ನಾರು. ಬೇರೆಯವರಾಗಿದ್ದರೆ ಅಷ್ಟನ್ನು ಬರೆದು ಫೈಲ್ ಮುಚ್ಚುತ್ತಿದ್ದರೇನೋ. ಇವರು ಹಳೆಯ ದಾಖಲೆಗಳನ್ನು ಹುಡುಕಿದರು, ಬೇರೆ ಆಸ್ಪತ್ರೆಗಳಿಗೂ ಪತ್ರ ಬರೆದರು. ಅಂಥ 49 ಮಕ್ಕಳ ವಿವರ ಕಲೆಹಾಕಿ 1938ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿಂದ ಇದೊಂದು ಪ್ರತ್ಯೇಕ ಕಾಯಿಲೆ ಎಂದು ಜಗತ್ತಿಗೆ ತಿಳಿಯಿತು. ಅವರ ಲ್ಯಾಬ್ ಅಸ್ತವ್ಯಸ್ತವಾಗಿರುತ್ತಿತ್ತು, ಉಡುಪಿನ ಬಗ್ಗೆ ಅವರಿಗೆ ಗಮನವಿರಲಿಲ್ಲ, ರಜೆಯಲ್ಲಿ ಬೆಟ್ಟದ ಮೇಲಿನ ತೋಟದ ಮನೆಗೆ ಹೋಗಿ ತಾವೇ ಮರಗೆಲಸ ಮಾಡುತ್ತಿದ್ದರು ಎಂದು ಅವರ ಸಹೋದ್ಯೋಗಿಗಳು ದೂರಿನ ದನಿಯಲ್ಲಿ ನೆನೆದಿದ್ದಾರೆ. ಗಂಡು ವಿಜ್ಞಾನಿಯೊಬ್ಬರು ಹೀಗಿದ್ದರೆ 'ತಪಸ್ವಿ' ಎನ್ನುತ್ತಿದ್ದರು.

ಆಂಡರ್ಸನ್ ಸತ್ತ ಮಕ್ಕಳಿಂದ ಬದುಕಿರುವ ಮಕ್ಕಳ ಕಡೆಗೆ ಬಂದರು. 1946ರಲ್ಲಿ ಪಾಲ್ ಡಿ ಸಾಂಟ್'ಆಗ್ನೀಸ್ ಎಂಬ ಡಾಕ್ಟರ ಜೊತೆಗೂಡಿ, ಆಗಷ್ಟೇ ಬಂದಿದ್ದ ಪೆನಿಸಿಲಿನ್ ಮುಂತಾದ ಔಷಧಗಳನ್ನು ಈ ಮಕ್ಕಳ ಶ್ವಾಸಕೋಶದ ಸೋಂಕಿಗೆ ಬಳಸಿದ ಅನುಭವವನ್ನು ಬರೆದರು. (ನಮ್ಮ ಪಕ್ಕದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಶುರುವಾಗಿದ್ದು 1954ರಲ್ಲಿ. ಶಿಲೀಂಧ್ರದ ಸೋಂಕಿಗೆ ಕೊಡುವ ಹ್ಯಾಮೈಸಿನ್ ಔಷಧವನ್ನು ಅಲ್ಲಿ ಕಂಡುಹಿಡಿದವರು ನಮ್ಮ ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್. ಆ ಗೇಟಿನ ಮುಂದೆ ದಿನವೂ ಓಡಾಡುವ ನಮ್ಮವರಿಗೆ ಇದು ಗೊತ್ತಿರಲಿ ಎಂದು ಬರೆದೆ.) 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಭಾರೀ ಬಿಸಿಗಾಳಿ ಬೀಸಿತು. ಬಿಸಿಲಿಗೆ ಕುಸಿದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರೇ ಹೆಚ್ಚು ಎಂಬುದು ಸಾಂಟ್'ಆಗ್ನೀಸ್ ಅವರ ಕಣ್ಣಿಗೆ ಬಿತ್ತು. ಅದರ ಬೆನ್ನು ಹಿಡಿದು 1953ರಲ್ಲಿ ಬೆವರಿನ ಉಪ್ಪಿನ ಗುಟ್ಟನ್ನು ಹೊರಹಾಕಿದರು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ರೂಪಿಸಿದ ಬೆವರಿನ ಪರೀಕ್ಷೆ ಇಂದಿಗೂ ನಡೆಯುತ್ತಿದೆ. ಮುತ್ತಿಟ್ಟಾಗ ಉಪ್ಪು ರುಚಿ ಬರುವ ಕೂಸು ಬಹಳ ದಿನ ಬಾಳದು ಎಂದು ಯುರೋಪಿನ ಹಳ್ಳಿಯವರು ನೂರಾರು ವರ್ಷಗಳಿಂದ ಹೇಳುತ್ತಿದ್ದರು. ತಾಯಂದಿರ ತುಟಿಗೆ ತಿಳಿದದ್ದು ಪ್ರಯೋಗಶಾಲೆಗೆ ತಿಳಿಯಲು ಅಷ್ಟು ಕಾಲ ಹಿಡಿಯಿತು.

1955ರಲ್ಲಿ ಅಮೆರಿಕದ ಪೋಷಕರು ಸೇರಿ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಷನ್ ಕಟ್ಟಿದಾಗ ಈ ಮಕ್ಕಳು ಪ್ರಾಥಮಿಕ ಶಾಲೆಗೆ ಹೋಗುವಷ್ಟು ಕಾಲ ಬದುಕುತ್ತಾರೆಂಬ ನಂಬಿಕೆಯೇ ಇರಲಿಲ್ಲ. ಆದ್ದರಿಂದ 'ಶಾಲೆಯಲ್ಲಿ ಸೋಂಕು ತಗಲದಂತೆ ಹೇಗೆ ನೋಡಿಕೊಳ್ಳುವುದು' ಎಂಬ ಪ್ರಶ್ನೆಗೆ ಹೆಚ್ಚು ವಯಸ್ಸಾಗಿಲ್ಲ. ಮಕ್ಕಳು ಬದುಕತೊಡಗಿದ ಮೇಲೆ ಹುಟ್ಟಿದ ಪ್ರಶ್ನೆ ಅದು. 1965ರಲ್ಲಿ ಮೇರಿ ವೀಸ್ ಎಂಬ ತಾಯಿ ಫೋನ್ ಮಾಡಿ ದೇಣಿಗೆ ಕೇಳುತ್ತಿದ್ದರು. ಅವರ ಮೂವರು ಗಂಡುಮಕ್ಕಳಿಗೂ ಈ ಕಾಯಿಲೆ. ಅಮ್ಮ ಫೋನಿನಲ್ಲಿ ಹೇಳುವ ಹೆಸರನ್ನು ಕೇಳಿಸಿಕೊಂಡ ನಾಲ್ಕು ವರ್ಷದ ಮಗ ಅದನ್ನು 'ಸಿಕ್ಸ್‌ಟಿ ಫೈವ್ ರೋಸಸ್' ಎಂದುಕೊಂಡಿದ್ದ. ಆ ಅರವತ್ತೈದು ಗುಲಾಬಿಗಳ ಹೆಸರು ಇಂದಿಗೂ ಚಾಲ್ತಿಯಲ್ಲಿದೆ.

ಇನ್ನು ಬ್ಯಾಕ್ಟೀರಿಯಾಗಳ ಕಥೆ. ನನ್ನನ್ನು ಹೆಚ್ಚು ಕಾಡಿದ ಭಾಗ ಇದೇ.

ಸೂಡೊಮೊನಾಸ್ ಎಂಬುದು ಈ ಮಕ್ಕಳ ದೊಡ್ಡ ಶತ್ರು. 1882ರಲ್ಲಿ ಪ್ಯಾರಿಸ್‌ನಲ್ಲಿ ಕಾರ್ಲ್ ಗೆಸ್ಸಾರ್ ಎಂಬ ಔಷಧತಜ್ಞ ಸೈನಿಕರ ಗಾಯದ ಪಟ್ಟಿಗಳು ನೀಲಿ ಹಸಿರಾಗುವುದೇಕೆ ಎಂದು ಹುಡುಕುತ್ತಾ ಹೋಗಿ ಅದನ್ನು ಬೇರ್ಪಡಿಸಿದ. ಒದ್ದೆ ಇರುವಲ್ಲೆಲ್ಲ ಅದು ಇರುತ್ತದೆ: ಸಿಂಕಿನ ತೂತು, ನಲ್ಲಿಯ ಬಾಯಿ, ನಿಂತ ನೀರು. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇನ್ನೊಂದು ಸೆಪೇಶಿಯಾ. ಅದರ ಕಥೆ ಶುರುವಾಗುವುದು ಈರುಳ್ಳಿಯಲ್ಲಿ. 1950ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಬರ್ಕ್‌ಹೋಲ್ಡರ್ ಈರುಳ್ಳಿ ಕೊಳೆಯಿಸುವ ಬ್ಯಾಕ್ಟೀರಿಯಾ ಒಂದನ್ನು ವಿವರಿಸಿದರು. ಲ್ಯಾಟಿನ್ ಭಾಷೆಯಲ್ಲಿ ಈರುಳ್ಳಿಗೆ 'ಸೆಪಾ' ಎನ್ನುತ್ತಾರೆ, ಹೆಸರು ಅದರಿಂದ ಬಂತು. 1992ರಲ್ಲಿ ಅದಕ್ಕೆ ಬರ್ಕ್‌ಹೋಲ್ಡರ್ ಅವರ ಹೆಸರನ್ನೇ ಸೇರಿಸಿ ಬರ್ಕ್‌ಹೋಲ್ಡೇರಿಯಾ ಎಂದರು. ನಾನು ಹುಬ್ಬಳ್ಳಿಯವಳು. ಎ.ಪಿ.ಎಂ.ಸಿ.ಯಲ್ಲಿ ಮಳೆಗೆ ಕೊಳೆತ ಈರುಳ್ಳಿ ರಾಶಿಯ ವಾಸನೆ ಮೂಗಿನಲ್ಲೇ ಇದೆ. ಇಲ್ಲಿ ಮಂಚರ್, ಚಾಕಣದ ಈರುಳ್ಳಿ ಲಾರಿಗಳು ನಾಸಿಕ್ ರಸ್ತೆಯಲ್ಲಿ ಭೋಸರಿಯನ್ನು ದಾಟಿಯೇ ಹೋಗುತ್ತವೆ. ಹೊಲದ ಬ್ಯಾಕ್ಟೀರಿಯಾ ಮಕ್ಕಳ ಎದೆಯೊಳಗೆ ಬದುಕಬಲ್ಲದು ಎಂದು ಮೊದಲ ಸಲ ಓದಿದ ರಾತ್ರಿ ಅಡುಗೆಮನೆಯ ಬುಟ್ಟಿಯನ್ನೆಲ್ಲ ಕೆಳಗೆ ಸುರಿದು ಮೆತ್ತಗಾದ ಗಡ್ಡೆಗಳನ್ನು ಆರಿಸಿ ಎಸೆದೆ.

1984ರಲ್ಲಿ ಟೊರೊಂಟೊದ ಮಕ್ಕಳ ಆಸ್ಪತ್ರೆಯ ವೈದ್ಯರು ಈ ಸೆಪೇಶಿಯಾ ತಮ್ಮಲ್ಲಿ ಹೆಚ್ಚುತ್ತಿದೆ ಎಂದು ವರದಿ ಮಾಡಿದರು. ಕೆಲವು ಮಕ್ಕಳಲ್ಲಿ ಅದು ವರ್ಷಗಟ್ಟಲೆ ಸುಮ್ಮನೆ ಇರುತ್ತಿತ್ತು. ಕೆಲವರು ಜ್ವರ ಬಂದು, ಶ್ವಾಸಕೋಶ ಕೊಳೆತು, ಬಹಳ ಬೇಗ ತೀರಿಕೊಂಡರು. ಎಲ್ಲಿಂದ ಬರುತ್ತಿದೆ? ಮಣ್ಣಿನಿಂದಲೇ, ಆಸ್ಪತ್ರೆಯ ಸಲಕರಣೆಯಿಂದಲೇ? ಉತ್ತರ ಸಿಗಲು ಸುಮಾರು ಹತ್ತು ವರ್ಷ ಬೇಕಾಯಿತು. ಸಿಕ್ಕ ಉತ್ತರ ಯಾರಿಗೂ ಬೇಡವಾಗಿತ್ತು. ಮಕ್ಕಳಿಂದ ಮಕ್ಕಳಿಗೆ.

ಇದರ ಹಿನ್ನೆಲೆ ಗೊತ್ತಾಗಬೇಕಾದರೆ ಬೇಸಿಗೆ ಶಿಬಿರಗಳ ಬಗ್ಗೆ ಹೇಳಬೇಕು. ಅಮೆರಿಕ, ಕೆನಡಾಗಳಲ್ಲಿ ಈ ಕಾಯಿಲೆಯ ಮಕ್ಕಳಿಗೆಂದೇ ಪ್ರತಿ ಬೇಸಿಗೆ ಶಿಬಿರ ನಡೆಯುತ್ತಿತ್ತು. ವರ್ಷವಿಡೀ ತರಗತಿಯಲ್ಲಿ 'ಯಾವಾಗಲೂ ಕೆಮ್ಮುವವ' ಎನಿಸಿಕೊಂಡ ಮಗುವಿಗೆ ಅಲ್ಲಿ ಎಲ್ಲರೂ ಕೆಮ್ಮುವವರೇ. ಊಟದ ಮುಂಚೆ ಎಲ್ಲರೂ ಕ್ಯಾಪ್ಸೂಲ್ ನುಂಗುವವರೇ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ತಿಂದು, ಬೆನ್ನು ತಟ್ಟಿ ಕಫ ತೆಗೆಯುವ ವ್ಯಾಯಾಮವನ್ನೂ ಒಟ್ಟಿಗೆ ಮಾಡುತ್ತಿದ್ದರು. ತಾಯಂದಿರಿಗೆ ಅಷ್ಟು ದಿನ ಉಸಿರು ಬಿಡುವ ಅವಕಾಶ. ಆ ಶಿಬಿರಗಳಲ್ಲೇ, ಆಸ್ಪತ್ರೆಯ ವಾರ್ಡುಗಳಲ್ಲೇ, ಸೆಪೇಶಿಯಾ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. 1993ರಲ್ಲಿ ಎಡಿನ್‌ಬರೋದ ಜಾನ್ ಗೋವನ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ತಳಿಗಳನ್ನು ಹೋಲಿಸಿ, ಆಸ್ಪತ್ರೆಯ ಹೊರಗಿನ ಗೆಳೆತನದ ಭೇಟಿಗಳಿಂದಲೂ ಅದು ಹರಡುತ್ತದೆ ಎಂದು ತೋರಿಸಿದರು. ಸಾಗರದ ಎರಡು ದಡಗಳಲ್ಲಿ, ಎಡಿನ್‌ಬರೋ ಮತ್ತು ಟೊರೊಂಟೊಗಳಲ್ಲಿ, ಒಂದೇ ತಳಿ ಸಿಕ್ಕಿತು. ಆ ತಳಿಯ ಹೆಸರಿನಲ್ಲಿ ಎರಡೂ ಊರುಗಳ ಮೊದಲ ಅಕ್ಷರಗಳಿವೆ. 1996ರಲ್ಲಿ ಲಿವರ್‌ಪೂಲ್‌ನ ಮಕ್ಕಳ ಕ್ಲಿನಿಕ್ಕಿನಲ್ಲಿ ಸೂಡೊಮೊನಾಸ್ ಕೂಡ ಹೀಗೆಯೇ ಹರಡಿದ್ದು ಬೆಳಕಿಗೆ ಬಂತು.

ಶಿಬಿರಗಳು ಮುಚ್ಚಿದವು. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ, ಬೇರೆ ಬೇರೆ ಕೋಣೆ. ಪತ್ರ ಬರೆದುಕೊಳ್ಳುತ್ತಿದ್ದ ಗೆಳೆಯರು ಇನ್ನು ಮುಂದೆ ಪತ್ರದಲ್ಲಷ್ಟೇ ಗೆಳೆಯರು. ಕೆಲವರು ಇದನ್ನು ಒಪ್ಪಲಿಲ್ಲ, ಸತ್ತರೂ ಪರವಾಗಿಲ್ಲ ಗೆಳೆಯರನ್ನು ಬಿಡಲಾರೆವು ಎಂದರು. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ನಿರ್ಧಾರ ಮಾತ್ರ ಸರಿಯಾಗಿಯೇ ಇತ್ತು, ಹೊಸ ಸೋಂಕುಗಳು ಇಳಿದವು. 2003ರ ಅಮೆರಿಕದ ಮಾರ್ಗಸೂಚಿ ಈ ಕಾಯಿಲೆಯ ಇಬ್ಬರ ನಡುವೆ ಮೂರು ಅಡಿ ದೂರ ಇರಬೇಕೆಂದಿತು. 2013ರಲ್ಲಿ ಅದನ್ನು ಆರು ಅಡಿಗೆ ಏರಿಸಿದರು, ಕೆಮ್ಮಿನ ಹನಿಗಳು ಅಷ್ಟು ದೂರ ಹೋಗುತ್ತವೆ ಎಂದು ಗೊತ್ತಾದ ಮೇಲೆ. ಒಂದೇ ಶಾಲೆಯಲ್ಲಿ ಇಂಥ ಇಬ್ಬರು ಮಕ್ಕಳಿದ್ದರೆ ಒಂದೇ ತರಗತಿಯಲ್ಲಿ ಕೂರಿಸಬಾರದು ಎಂಬುದೂ ಅದರಲ್ಲಿದೆ. 2020ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಕೊರೋನಾ ಕಾಣಿಸಿ, ಕಿರಾಣಿ ಅಂಗಡಿಗಳ ಮುಂದೆ ಸುಣ್ಣದ ವೃತ್ತಗಳು ಬಿದ್ದಾಗ, ಆರು ಅಡಿ ಎಂಬ ಅಳತೆ ಇಡೀ ಊರಿಗೆ ಹೊಸದಾಗಿತ್ತು, ನಮ್ಮಂಥ ಮನೆಗಳಿಗೆ ಮಾತ್ರ ಹಳೆಯದು.

ಭಾರತದ ಮಟ್ಟಿಗೆ, ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. 1968ರಲ್ಲೇ ಚಂಡೀಗಢದ ಪಿ.ಜಿ.ಐ. ವೈದ್ಯರು ನಮ್ಮ ಮಕ್ಕಳಲ್ಲಿ ಇದು ಇದೆ ಎಂದು ಬರೆದಿದ್ದರೂ ನಂಬಿಕೆ ಸುಲಭಕ್ಕೆ ಹೋಗಲಿಲ್ಲ. ಕ್ಷಯ, ಆಸ್ತಮಾ, ಅಪೌಷ್ಟಿಕತೆ ಎಂದು ಬರೆದು ಕಳಿಸುವುದು ಸುಲಭವಾಗಿತ್ತು. ದೆಹಲಿಯ ಏಮ್ಸ್‌ನ ಮಕ್ಕಳ ವಿಭಾಗದವರು ಕಡಿಮೆ ಖರ್ಚಿನ ಬೆವರು ಪರೀಕ್ಷೆಯ ಸಾಧನವನ್ನು ಇಲ್ಲಿಯೇ ತಯಾರಿಸಿಕೊಂಡ ಮೇಲೆ ಪತ್ತೆ ಸ್ವಲ್ಪ ಹೆಚ್ಚಿತು. ನಮ್ಮ ಮಗನಿಗೂ ಒಂದೂವರೆ ವರ್ಷದವರೆಗೆ 'ಹಾಲು ಆಗಿಬರುತ್ತಿಲ್ಲ' ಎಂಬ ಉತ್ತರವೇ ಸಿಕ್ಕಿತ್ತು. 1989ರಲ್ಲಿ ಜೀನ್ ಸಿಕ್ಕಿತು. ಏಳನೇ ಕ್ರೋಮೋಸೋಮಿನಲ್ಲಿರುವ ಆ ಉದ್ದನೆಯ ಕೋಡಿನಲ್ಲಿ ಮೂರೇ ಮೂರು ಅಕ್ಷರ ಬಿಟ್ಟುಹೋಗಿರುವುದು ಅತಿ ಸಾಮಾನ್ಯ ದೋಷ. ಮೂರು ಅಕ್ಷರದ ಬಗ್ ಇಡೀ ಸಿಸ್ಟಮ್ ಕೆಡಿಸುವುದು ನನ್ನ ಕೆಲಸದಲ್ಲಿ ನಿತ್ಯ ನೋಡುವ ಸಂಗತಿ, ಆದರೆ ಅಲ್ಲಿ ಪ್ಯಾಚ್ ಬಿಡುಗಡೆ ಮಾಡಬಹುದು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೈಕಾಫ್ಟಾ ಮಾತ್ರೆ ಹೆಚ್ಚು ಕಡಿಮೆ ಅಂಥದೇ ಪ್ಯಾಚ್. ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಆ ಮೂರಕ್ಷರದ ದೋಷವೂ ಯುರೋಪಿನವರಲ್ಲಿ ಇರುವಷ್ಟು ಪ್ರಮಾಣದಲ್ಲಿ ನಮ್ಮ ಮಕ್ಕಳಲ್ಲಿಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಇದರ ಹೆಸರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಶಾಲೆಯಲ್ಲಿ ನಮಗೆ ಸಿಗುವುದೆಲ್ಲ ಟೀಚರ್ ಒಳ್ಳೆಯವರಾಗಿದ್ದರೆ ಸಿಗುವಂಥದ್ದು.

ಪುಣೆಗೆ ಬೇರ್ಪಡಿಸುವಿಕೆ ಹೊಸದಲ್ಲ. 1897ರ ಪ್ಲೇಗಿನಲ್ಲಿ ರ‍್ಯಾಂಡ್ ಅಧಿಕಾರಿಯ ಕೈಕೆಳಗೆ ಗೋರಾ ಸೈನಿಕರು ಮನೆಮನೆ ನುಗ್ಗಿ, ಕಾಯಿಲೆಯವರನ್ನು ಆಸ್ಪತ್ರೆಗೂ ಉಳಿದವರನ್ನು ಕ್ಯಾಂಪಿಗೂ ಎಳೆದೊಯ್ದರು. ಆ ಸಿಟ್ಟಿನಲ್ಲಿ ನಮ್ಮ ಚಿಂಚವಡದ ಚಾಪೇಕರ್ ಸೋದರರು ಜೂನ್ 22ರಂದು ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ದು ಶಾಲೆಯ ಪುಸ್ತಕದಲ್ಲಿದೆ. ಅಷ್ಟು ಪ್ರಸಿದ್ಧವಲ್ಲದ ಸಂಗತಿಯೆಂದರೆ, ಕನ್ನಡ ನೆಲದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಆಗ ಪ್ಲೇಗ್ ಆಸ್ಪತ್ರೆ ಮತ್ತು ಕ್ಯಾಂಪುಗಳಲ್ಲಿ ಹೆಣ್ಣುಮಕ್ಕಳ ಪಾಡೇನು ಎಂದು ಪತ್ರಿಕೆಗೆ ಬರೆದು ಸರ್ಕಾರವನ್ನು ಪ್ರಶ್ನಿಸಿದ್ದು. ಬೇರ್ಪಡಿಸಬೇಡಿ ಎಂದು ಅವರು ಹೇಳಲಿಲ್ಲ. ಬೇರ್ಪಡಿಸಿದ ಮೇಲೆ ಆ ಹುಡುಗಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಅದೇ ಮಾರ್ಚ್‌ನಲ್ಲಿ, 1848ರಲ್ಲಿ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದ ಸಾವಿತ್ರಿಬಾಯಿ ಫುಲೆ, ಮುಂಢವಾದ ದಲಿತ ಕೇರಿಯ ಪ್ಲೇಗ್ ತಗಲಿದ ಹುಡುಗನನ್ನು ಹೊತ್ತು ಮಗ ಯಶವಂತನ ದವಾಖಾನೆಗೆ ತಂದರು. ಮಾರ್ಚ್ 10ರಂದು ಅದೇ ಪ್ಲೇಗಿಗೆ ತೀರಿಕೊಂಡರು. ಮರುವರ್ಷ ನನ್ನ ತವರು ಹುಬ್ಬಳ್ಳಿಯಲ್ಲಿ ಪ್ಲೇಗ್ ಬಂತು. ಊರು ಬಿಟ್ಟು ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಅಜ್ಜಿ ತಮ್ಮ ಅಜ್ಜಿಯಿಂದ ಕೇಳಿದ್ದರು. ಹಾಫ್‌ಕಿನ್ ಲಸಿಕೆಯನ್ನು ಅಲ್ಲಿ ಸಾವಿರ ಸಾವಿರ ಜನರಿಗೆ ಚುಚ್ಚಿದ ವೈದ್ಯರಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ಮಹಿಳೆಯೂ ಇದ್ದರು.

ಪ್ಲೇಗಿಗೂ ನಮ್ಮ ಮಗನ ಕಾಯಿಲೆಗೂ ಸಂಬಂಧವಿಲ್ಲ, ಗೊತ್ತು. ಆದರೆ ಅವನು ಒಂದನೇ ತರಗತಿಗೆ ಸೇರಿದ ತಿಂಗಳಲ್ಲೇ ಪೋಷಕರ ವಾಟ್ಸಾಪ್ ಗುಂಪಿನಲ್ಲಿ 'ಆ ಮಗುವಿಗೆ ಟಿ.ಬಿ.ಯಂತೆ' ಎಂಬ ಮಾತು ಬಂದಾಗ ನನಗೆ ಮೊದಲು ನೆನಪಾದದ್ದು ರಮಾಬಾಯಿಯವರ ಪ್ರಶ್ನೆಯೇ. ಅದಕ್ಕೂ ಮುಂಚೆ ನಾವು ಹೋಗಿದ್ದ ಬೇರೊಂದು ಶಾಲೆಯಲ್ಲಿ 'ಮನೆಯಲ್ಲೇ ಓದಿಸಿ, ಪರೀಕ್ಷೆಗೆ ಕಳಿಸಿ' ಎಂದಿದ್ದರು. ವೈದ್ಯರು ಹಾಗೆ ಹೇಳುವುದಿಲ್ಲ. ಶಾಲೆಗೆ ಹೋಗಲೇಬೇಕು, ಓಡಲೇಬೇಕು ಎನ್ನುತ್ತಾರೆ. ಓಡಿದರೆ ಕಫ ಸಡಿಲವಾಗುತ್ತದೆ.

ಈಗಿನ ಕ್ಲಾಸ್ ಟೀಚರ್ ಸಾತಾರಾ ಕಡೆಯವರು, ಕಡಿಮೆ ಮಾತು. ಮೊದಲ ದಿನ ನಾನು ಮರಾಠಿಯಲ್ಲಿ ಬರೆದು ಕೊಟ್ಟ ನಾಲ್ಕು ಪುಟವನ್ನು ಓದಿ ಮೂರು ಪ್ರಶ್ನೆ ಕೇಳಿದರು. ಮೂರೂ ಸರಿಯಾದ ಪ್ರಶ್ನೆಗಳು. ಇವನನ್ನು ಕಿಟಕಿಯ ಪಕ್ಕ ಕೂರಿಸಿದ್ದಾರೆ. ನೆಗಡಿಯಾದ ಮಗು ಬಂದರೆ ಇವನ ಬೆಂಚು ಬದಲಾಗುತ್ತದೆ, ಕಾರಣ ಯಾರಿಗೂ ಹೇಳುವುದಿಲ್ಲ, ಏಕೆಂದರೆ ತಿಂಗಳಿಗೊಮ್ಮೆ ಎಲ್ಲರ ಬೆಂಚನ್ನೂ ಬದಲಾಯಿಸುವ ಪದ್ಧತಿಯನ್ನೇ ಅವರು ತಂದುಬಿಟ್ಟಿದ್ದಾರೆ. ಊಟಕ್ಕೆ ಮುಂಚೆ ಇಡೀ ತರಗತಿ ಸಾಬೂನಿನಿಂದ ಕೈ ತೊಳೆಯುತ್ತದೆ. ಇವನ ನೀರಿನ ಬಾಟಲಿ ಮನೆಯಿಂದ, ದಿನವೂ ಒಣಗಿಸಿ ತುಂಬಿದ್ದು. ಡಬ್ಬಿ ತೆರೆಯುವ ಮುಂಚೆ ಎನ್‌ಜೈಮ್ ಕ್ಯಾಪ್ಸೂಲ್. ಏಪ್ರಿಲ್ ಬಿಸಿಲಿಗೆ ಉಪ್ಪು ಹಾಕಿದ ಮಜ್ಜಿಗೆ, ಚಕ್ಕುಲಿ. ಶಾಲೆಯ ಹಿಂದೆ ಹೊಸ ಕಟ್ಟಡಕ್ಕೆ ಗುಂಡಿ ತೆಗೆದಾಗ ಆ ಕಡೆಯ ಕಿಟಕಿ ಮುಚ್ಚಿಸಿದರು, ಕಟ್ಟಡದ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಇರುತ್ತದೆ. ಗಿಡ ನೆಡುವ ದಿನ ಮಾತ್ರ ಇವನಿಗೆ ಬೇಸರ. ಕೊಳೆತ ಎಲೆ, ಗೊಬ್ಬರ ಮುಟ್ಟುವಂತಿಲ್ಲ. ಗಿಡಗಳಿಗೆ ಹೆಸರು ಬರೆದ ಚೀಟಿ ಕಟ್ಟುವ ಕೆಲಸ ಕೊಟ್ಟರು. ಒಂದು ಬೇವಿಗೆ 'ವಿರಾಟ್' ಎಂದು ಬರೆದು ಬಂದಿದ್ದಾನೆ.

ಇಷ್ಟೆಲ್ಲ ಬರೆಯಲು ಈಗಲೇ ಕಾರಣ ಬೇರೆ ಇದೆ. ಕಳೆದ ಜನವರಿಯಲ್ಲಿ ಆಸ್ಪತ್ರೆಯ ಮೂಲಕ ಇನ್ನೊಬ್ಬ ತಾಯಿಯ ಪರಿಚಯವಾಯಿತು. ಅವರ ಮಗಳಿಗೂ ಇದೇ ಕಾಯಿಲೆ, ಆರು ವರ್ಷ. ಮೋಶಿಯಲ್ಲಿ ಮನೆ. ಅವರೂ ಕನ್ನಡದವರು, ವಿಜಯಪುರದ ಕಡೆಯವರು. ಫೋನಿನಲ್ಲಿ ಮೊದಲ ಸಲ ಒಂದೂವರೆ ಗಂಟೆ ಮಾತಾಡಿದೆವು. ಉಪ್ಪು ಬೆವರು, ಎಣ್ಣೆ ಎಣ್ಣೆಯಾದ ಮಲ, ನೆಬ್ಯುಲೈಸರ್ ಬಿಸಿನೀರಲ್ಲಿ ಕುದಿಸುವ ಪಾತ್ರೆ: ಈ ಮಾತುಗಳನ್ನು ವಿವರಣೆ ಕೊಡದೆ ಆಡಲು ಸಿಕ್ಕ ಮೊದಲ ವ್ಯಕ್ತಿ ಅವರು. ಕೊನೆಗೆ ಅವರು ಕೇಳಿದ್ದು, 'ನಿಮ್ಮ ಶಾಲಿಗೇ ನಮ್ಮಾಕಿನೂ ಹಾಕ್ತೀನ್ರಿ. ಅಲ್ಲಿ ಟೀಚರಿಗೆ ಎಲ್ಲಾ ಗೊತ್ತದ. ನಮ್ಮ ಹುಡುಗರಿಗೂ ಒಬ್ಬರಿಗೊಬ್ಬರು ಜೋಡಿ ಆಗ್ತದ.'

ಆ ಶಿಬಿರಗಳ ಇತಿಹಾಸವನ್ನು ಅವರಿಗೆ ಹೇಳಲು ನನಗೆ ಎರಡು ದಿನ ಹಿಡಿಯಿತು. ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವರು, 'ಮತ್ತ ನಮ್ಮಾಕಿಗೆ ಶಾಲಿ?' ಎಂದರು. ಆ ಸುತ್ತಲಿನ ಇನ್ನಾವ ಶಾಲೆಯೂ ಅವರಿಗೆ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ.

ನಮ್ಮಿಬ್ಬರ ವೈದ್ಯರನ್ನೂ ಕೇಳಿದೆವು, ಮುಖ್ಯೋಪಾಧ್ಯಾಯರ ಹತ್ತಿರ ಮೂರು ಸಲ ಹೋದೆವು. ಒಟ್ಟಿಗೆ ಹೋದದ್ದು ತಾಯಂದಿರು ಮಾತ್ರ, ಮಕ್ಕಳನ್ನು ಬಿಟ್ಟು. ಶಾಲೆಯಲ್ಲಿ ಎರಡು ಪಾಳಿ ಇದೆ. ನನ್ನ ಮಗ ಬೆಳಗಿನ ಪಾಳಿ, ನೆಲಮಹಡಿ. ಜೂನ್‌ನಿಂದ ಆ ಹುಡುಗಿ ಮಧ್ಯಾಹ್ನದ ಪಾಳಿ, ಎರಡನೇ ಮಹಡಿ, ಬೇರೆ ಕೋಣೆ, ಬೇರೆ ನಲ್ಲಿ. ಕ್ರೀಡಾದಿನ, ಸ್ನೇಹಸಮ್ಮೇಳನಕ್ಕೆ ಒಂದು ವರ್ಷ ಇವನು, ಒಂದು ವರ್ಷ ಅವಳು. ಇವನು ಹನ್ನೆರಡೂವರೆಗೆ ಹಿಂದಿನ ಗೇಟಿನಿಂದ ಬಸ್ ಹತ್ತುತ್ತಾನೆ, ಅವಳು ಒಂದು ಗಂಟೆಗೆ ಮುಂದಿನ ಗೇಟಿನಿಂದ ಬರುತ್ತಾಳೆ. ಆಷಾಢದಲ್ಲಿ ಅವಳು ವಿಡಿಯೋ ಕಾಲ್‌ನಲ್ಲಿ ಅಂಗಳದ ಬೇವಿನ ಚೀಟಿ ಓದಿ, ವಿರಾಟ್ ಯಾರು ಎಂದು ಇವನನ್ನು ಕೇಳಿದಳು.